ಮಾಲ್‌ಗೆ ಅಳುವವರೇ, ಸೀಲಂಪುರಕ್ಕೆ ಯಾರು ಅತ್ತಿರಿ?

ದಿಲ್ಲಿಯ ಮಧ್ಯಮ ವರ್ಗ ಈಗ ಮಾಲ್‌ಗಳಿಗಾಗಿ ಕಣ್ಣೀರು ಹಾಕುತ್ತಿದೆ. 1999ರಲ್ಲಿ ಆಂಡ್ರ್ಯೂಸ್ ಗಂಜ್ ಪಕ್ಕದ ಖೇಲ್‌ಗಾಂವ್ ಮಾರ್ಗದಲ್ಲಿ ಬಾಗಿಲು ತೆರೆದ ಅನ್ಸಲ್ ಪ್ಲಾಜಾದ ದುಂಡನೆಯ ಕಟ್ಟಡ, ನಡುವಿನ ಬಯಲು ಅಂಗಳದ ಮೆಟ್ಟಿಲು, ಆ ಮೆಟ್ಟಿಲ ಮೇಲೆ ಕೂತು ತಿಂದ ಬರ್ಗರ್, ಮೊದಲ ಸಲ ಹೆದರುತ್ತ ಕಾಲಿಟ್ಟ ಎಸ್ಕಲೇಟರ್. ನಲವತ್ತು ದಾಟಿದವರು ನಾಲ್ವರು ಸೇರಿದರೆ ಇದೇ ಮಾತು. ಗುರ್‌ಗಾಂವ್‌ನವರಿಗೆ ಎಂ.ಜಿ. ರಸ್ತೆಯ ಸಹಾರಾ ಮಾಲ್ ನೆನಪಾಗುತ್ತದೆ, ಮೆಟ್ರೊಪಾಲಿಟನ್ ಮಾಲ್ ನೆನಪಾಗುತ್ತದೆ. ನೊಯಿಡಾದವರಿಗೆ ಸೆಕ್ಟರ್ 18ರ ಸೆಂಟರ್‌ಸ್ಟೇಜ್, 2007ರ ಗ್ರೇಟ್ ಇಂಡಿಯಾ ಪ್ಲೇಸ್. ಎಷ್ಟು ಚೆನ್ನಾಗಿತ್ತು ಆ ಕಾಲ, ಈಗ ನೋಡಿ ಹೇಗೆ ಪಾಳು ಬಿದ್ದಿದೆ ಎಂದು ನಿಟ್ಟುಸಿರು ಬಿಡುತ್ತಾರೆ.

ನನಗೂ ಆ ನೆನಪುಗಳಿವೆ. ಆದರೂ ಈ ನಿಟ್ಟುಸಿರು ಕೇಳಿದರೆ ನನಗೆ ಮೈ ಉರಿಯುತ್ತದೆ. ಒಂದು ಕಟ್ಟಡದ ದೀಪ ಆರಿದ್ದಕ್ಕೆ ಇಷ್ಟು ಮರುಗುವವರು, ಆ ದೀಪ ಹೊತ್ತಿಸುವುದಕ್ಕೆ ಯಾರ ಅಂಗಡಿಗೆ ಬೀಗ ಬಿತ್ತು, ಯಾವ ಬೆಟ್ಟದ ಬುಡ ಅಗೆದರು, ಯಾರ ಕಾಲು ಬಾತವು ಎಂದು ಒಂದು ದಿನವೂ ಕೇಳಲಿಲ್ಲ. ಅವರು ಕೇಳದ್ದನ್ನು ನಾನು ಕೇಳುತ್ತೇನೆ.

ಅನ್ಸಲ್ ಪ್ಲಾಜಾದಿಂದಲೇ ಶುರು ಮಾಡೋಣ. 1997ರ ಜೂನ್ 13ರಂದು ಗ್ರೀನ್ ಪಾರ್ಕ್‌ನ ಉಪಹಾರ್ ಚಿತ್ರಮಂದಿರದಲ್ಲಿ ‘ಬಾರ್ಡರ್’ ಸಿನಿಮಾ ನಡೆಯುತ್ತಿತ್ತು. ಕೆಳಗಿನ ಟ್ರಾನ್ಸ್‌ಫಾರ್ಮರ್‌ನಿಂದ ಎದ್ದ ಹೊಗೆ ಬಾಲ್ಕನಿಗೆ ನುಗ್ಗಿ 59 ಜನ ಉಸಿರುಕಟ್ಟಿ ಸತ್ತರು. ಹೆಚ್ಚು ಸೀಟು ಹಾಕುವ ಆಸೆಗೆ ಬಾಲ್ಕನಿಯ ಒಂದು ದಾರಿಯನ್ನೇ ಮುಚ್ಚಿಬಿಟ್ಟಿದ್ದರು. ಚಿತ್ರಮಂದಿರ ಅನ್ಸಲ್ ಸೋದರರದು. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಎರಡೇ ವರ್ಷದಲ್ಲಿ, ಅದೇ ಹೆಸರು ಹೊತ್ತ ಮಾಲ್ ಎದ್ದು ನಿಂತಿತು. ಅದೂ ಸರ್ಕಾರಿ ಸಂಸ್ಥೆ ಹುಡ್ಕೋದ ಜಾಗದಲ್ಲಿ. ಮಕ್ಕಳನ್ನು ಕಳಕೊಂಡ ತಂದೆತಾಯಿಗಳು ಕೋರ್ಟಿನ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ದಿಲ್ಲಿ ಎಸ್ಕಲೇಟರ್ ಹತ್ತಿ ಇಳಿಯುತ್ತಿತ್ತು. 18 ವರ್ಷ ಕಳೆದ ಮೇಲೆ, 2015ರಲ್ಲಿ, ಸುಪ್ರೀಂ ಕೋರ್ಟ್ ತಪ್ಪಿತಸ್ಥ ಸೋದರರಿಗೆ ತಲಾ 30 ಕೋಟಿ ರೂಪಾಯಿ ದಂಡ ಹಾಕಿ, ಆವರೆಗೆ ಕಳೆದ ಜೈಲುವಾಸವೇ ಸಾಕೆಂದಿತು. ಮತ್ತೆ ಅರ್ಜಿ ಹೋಗಿ, 2017ರಲ್ಲಿ ಒಬ್ಬನಿಗೆ ಮಾತ್ರ ಒಂದು ವರ್ಷದ ಶಿಕ್ಷೆ ಉಳಿಯಿತು. ಅನ್ಸಲ್ ಪ್ಲಾಜಾ ನೆನೆದು ಹನಿಗಣ್ಣಾಗುವವರ ಬಾಯಲ್ಲಿ ಈ 59 ಜನರ ಮಾತು ಬಂದದ್ದನ್ನು ನಾನು ಕೇಳಿಲ್ಲ.

ಮಾಲ್ ಎಲ್ಲರದಾಗಿತ್ತು ಎಂಬ ಇನ್ನೊಂದು ಸುಳ್ಳು ಇದೆ. ಅದೇ 1999ರಲ್ಲಿ ಮುಂಬೈಯ ಕ್ರಾಸ್‌ರೋಡ್ಸ್ ಮಾಲ್, ಮೊಬೈಲ್ ಫೋನೋ ಕ್ರೆಡಿಟ್ ಕಾರ್ಡೋ ತೋರಿಸಿದವರನ್ನು ಸುಮ್ಮನೆ ಒಳಗೆ ಬಿಡುತ್ತಿತ್ತು, ಇಲ್ಲದವರಿಂದ ಪ್ರವೇಶ ಶುಲ್ಕ ಕೇಳುತ್ತಿತ್ತು. ದಿಲ್ಲಿಯ ಮಾಲ್‌ಗಳಿಗೆ ಅಂಥ ಫಲಕ ಬೇಕಾಗಲಿಲ್ಲ, ಕಾವಲುಗಾರನ ಕಣ್ಣೇ ಸಾಕಾಯಿತು. ಹವಾಯಿ ಚಪ್ಪಲಿ ಹಾಕಿದ ಹುಡುಗರ ಗುಂಪನ್ನು ಬಾಗಿಲಲ್ಲೇ ತಡೆದದ್ದನ್ನು ಈ ಊರಿನಲ್ಲಿ ನೋಡದವರು ಯಾರಿದ್ದಾರೆ? ತಡೆಯುತ್ತಿದ್ದ ಕಾವಲುಗಾರ ಕೂಡ ಅದೇ ಹುಡುಗರ ಊರಿನವನು. ಯೂನಿಫಾರ್ಮ್ ಕಳಚಿ ಬಂದರೆ ಅವನನ್ನೂ ಒಳಗೆ ಬಿಡುತ್ತಿರಲಿಲ್ಲ. ನಮ್ಮ ಬೆಂಗಳೂರು ತನ್ನ ಬೆನ್ನು ತಟ್ಟಿಕೊಳ್ಳುವುದು ಬೇಡ. 2024ರ ಜುಲೈಯಲ್ಲಿ ಮಾಗಡಿ ರಸ್ತೆಯ ಜಿ.ಟಿ. ವರ್ಲ್ಡ್ ಮಾಲ್‌ಗೆ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದೀರಿ ಎಂದು ಬಾಗಿಲಲ್ಲೇ ನಿಲ್ಲಿಸಿದರು. ಟಿಕೆಟ್ ಕೈಯಲ್ಲಿತ್ತು. ಕನ್ನಡ ಸಂಘಟನೆಗಳು, ರೈತ ಸಂಘಟನೆಗಳು ಬಾಗಿಲಿಗೆ ಬಂದು ಕೂಗಿದ ಮೇಲೆ, ವಿಧಾನಸಭೆಯಲ್ಲಿ ಮಾತೆದ್ದ ಮೇಲೆ, ಸರ್ಕಾರ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಹೇಳಿತು. ಬೀದಿಗಿಳಿಯದಿದ್ದರೆ ಪಂಚೆಗೆ ಮರ್ಯಾದೆ ಸಿಗುತ್ತಿರಲಿಲ್ಲ.

ಇನ್ನು 2006ಕ್ಕೆ ಬರುತ್ತೇನೆ. ದಿಲ್ಲಿಯ ಮಾಲ್‌ಗಳ ಕಥೆಯನ್ನು ಈ ವರ್ಷದಿಂದ ಹೇಳದವರು ಕಥೆಯನ್ನೇ ಹೇಳುತ್ತಿಲ್ಲ.

ಆ ವರ್ಷದ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್, ವಾಸದ ಪ್ರದೇಶದಲ್ಲಿ ನಡೆಯುವ ಅಂಗಡಿ ಮುಂಗಟ್ಟುಗಳಿಗೆ ಬೀಗಮುದ್ರೆ ಹಾಕಬೇಕೆಂದು ಆದೇಶಿಸಿತು. ಊರಿಡೀ ‘ಸೀಲಿಂಗ್’ ಎಂಬ ಒಂದೇ ಮಾತು. ಗಲ್ಲಿಯ ದರ್ಜಿ, ಮನೆಯ ಮುಂದಿನ ಕೋಣೆಯಲ್ಲಿ ಫೋಟೊಕಾಪಿ ಯಂತ್ರ ಇಟ್ಟವನು, ಬ್ಯೂಟಿ ಪಾರ್ಲರ್ ನಡೆಸುವ ವಿಧವೆ, ಕಿರಾಣಿಯವನು, ಎಲ್ಲರೂ ಒಂದೇ ಬೆಳಗ್ಗೆ ಅಪರಾಧಿಗಳಾದರು. ಕಾನೂನು ಅಂದರೆ ಕಾನೂನು ಎಂದು ಕಾಲೊನಿಗಳ ಸಂಘದವರು ಚಪ್ಪಾಳೆ ತಟ್ಟಿದರು. ಈ ಜನ ಯಾಕೆ ಮನೆಯಲ್ಲೇ ಅಂಗಡಿ ಇಟ್ಟರು? ದಿಲ್ಲಿಯ ನೆಲದ ಯಜಮಾನಿಕೆ 1957ರಿಂದ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರದ, ಅಂದರೆ ಡಿಡಿಎ ಕೈಯಲ್ಲಿದೆ. ಬಡಾವಣೆಗೊಂದು ಮಾರುಕಟ್ಟೆ ಕಟ್ಟಿಕೊಡುತ್ತೇವೆಂದು ಮಾಸ್ಟರ್ ಪ್ಲಾನ್‌ನಲ್ಲಿ ಬರೆದದ್ದು ಅದೇ ಪ್ರಾಧಿಕಾರ. ಊರು ಬೆಳೆದಂತೆ ಅಂಗಡಿಯ ಜಾಗ ಬೆಳೆಯಲಿಲ್ಲ. ಪ್ರಾಧಿಕಾರ ಮಾಡಬೇಕಾದದ್ದನ್ನು ಮಾಡಲಿಲ್ಲ, ಜನ ಹೊಟ್ಟೆಪಾಡಿಗೆ ತಮ್ಮ ಜಗಲಿಯಲ್ಲೇ ತಕ್ಕಡಿ ಇಟ್ಟರು. ತಪ್ಪು ಯಾರದು? ಶಿಕ್ಷೆ ಯಾರಿಗೆ?

ಸೆಪ್ಟೆಂಬರ್ 20ರಂದು ಈಶಾನ್ಯ ದಿಲ್ಲಿಯ ಸೀಲಂಪುರದಲ್ಲಿ ಜನ ಬೀದಿಗೆ ಬಂದರು. ಮನೆಮನೆಯಲ್ಲೂ ಹೊಲಿಗೆ ಯಂತ್ರ ಓಡುವ ಊರು ಅದು. ದಿಲ್ಲಿಯವರು ಹಾಕುವ ಅಗ್ಗದ ಜೀನ್ಸ್ ತಯಾರಾಗುವುದು ಅದರ ಸುತ್ತಮುತ್ತಲಿನ ಗಲ್ಲಿಗಳಲ್ಲಿ. ಕಲ್ಲು ತೂರಾಟವಾಯಿತು, ಪೊಲೀಸರು ಗುಂಡು ಹಾರಿಸಿದರು, ನಾಲ್ವರು ಸತ್ತರು. ಅಂಗಡಿಯ ಬೀಗ ತೆಗೆಯಿರಿ ಎಂದು ಕೇಳಿದ್ದಕ್ಕೆ ಈ ದೇಶದ ರಾಜಧಾನಿಯಲ್ಲಿ ಹೆಣ ಬಿದ್ದವು.

ಒಂದು ತಿಂಗಳು ತುಂಬಲಿಲ್ಲ. ಅಕ್ಟೋಬರ್ 17ರಂದು ಅದೇ ಸುಪ್ರೀಂ ಕೋರ್ಟಿನ ಮುಂದೆ ಇನ್ನೊಂದು ಕಾನೂನಿನ ಪ್ರಶ್ನೆ ತೀರ್ಮಾನವಾಯಿತು. ವಸಂತ ಕುಂಜದ ಪಕ್ಕದಲ್ಲಿ, ಅರಾವಳಿಯ ಕೊನೆಯ ಚಾಚಾದ ರಿಡ್ಜ್ ಪ್ರದೇಶದಲ್ಲಿ, ಡಿಡಿಎ ಹರಾಜು ಹಾಕಿದ ನೆಲದ ಮೇಲೆ ಸಾಲು ಮಾಲ್‌ಗಳು ಏಳುತ್ತಿದ್ದವು. ಮಳೆನೀರನ್ನು ಒಳಗಿಳಿಸಿ ದಕ್ಷಿಣ ದಿಲ್ಲಿಯ ಬಾವಿಗಳಿಗೆ ಕೊಡುವ ನೆಲ ಅದು. ಪರಿಸರ ಅನುಮತಿ ಪಡೆಯದೆಯೇ ಕೆಲಸ ಶುರುವಾಗಿತ್ತು. ಸರ್ಕಾರದ ತಜ್ಞರ ಸಮಿತಿಯೇ ಬಂದು ನೋಡಿ, ಈ ಜಾಗ ಪರಿಸರದ ದೃಷ್ಟಿಯಿಂದ ಸರಿಯಲ್ಲ, ಮೊದಲೇ ಕೇಳಿದ್ದರೆ ಬೇರೆ ಕಡೆ ಹೋಗಿ ಎನ್ನಬಹುದಿತ್ತು ಎಂಬರ್ಥದಲ್ಲಿ ಬರೆಯಿತು. ಆದರೆ ಅಷ್ಟರಲ್ಲಿ ಕೋಟಿಗಟ್ಟಲೆ ಹಣ ಸುರಿದಾಗಿತ್ತು, ಕಟ್ಟಡ ಎದ್ದಾಗಿತ್ತು. ಹಾಗಾಗಿ ಷರತ್ತು ಹಾಕಿ ಬಿಡಬಹುದು ಎಂದಿತು ಸಮಿತಿ. ಕೋರ್ಟು ಒಪ್ಪಿತು. 2008ರಲ್ಲಿ ಅಲ್ಲಿ ಎಂಪೋರಿಯೊ ತೆರೆಯಿತು. ನನ್ನ ಒಂದು ವರ್ಷದ ದುಡಿಮೆಗೆ ಒಂದು ಕೈಚೀಲ ಸಿಗುವ ಮಾಲ್ ಅದು.

ಈ ಎರಡು ದಿನಾಂಕಗಳನ್ನು ಒಟ್ಟಿಗೆ ಇಟ್ಟು ನೋಡಿ. ಸೀಲಂಪುರದ ದರ್ಜಿಯೂ ದುಡ್ಡು ಸುರಿದಿದ್ದ. ಹೆಂಡತಿಯ ಬಳೆ ಅಡವಿಟ್ಟು ಯಂತ್ರ ತಂದಿದ್ದ. ಅವನ ಕೆಲಸವೂ ಎಷ್ಟೋ ವರ್ಷದಿಂದ ನಡೆದೇ ಇತ್ತು. ಈಗಾಗಲೇ ಕಟ್ಟಿಯಾಗಿದೆ, ಹಣ ಹಾಕಿಯಾಗಿದೆ ಎಂಬ ದಯೆ ಅವನಿಗೆ ಸಿಗಲಿಲ್ಲ. ಅವನಿಗೆ ಬೀಗ ಸಿಕ್ಕಿತು, ಲಾಠಿ ಸಿಕ್ಕಿತು, ಗುಂಡು ಸಿಕ್ಕಿತು. ಬೆಟ್ಟದ ಬುಡ ಅಗೆದವರಿಗೆ ಅನುಮತಿ ಸಿಕ್ಕಿತು. ಸಾಕೇತ್‌ನಲ್ಲಿ, ನೊಯಿಡಾದಲ್ಲಿ, ಗುರ್‌ಗಾಂವ್‌ನಲ್ಲಿ ದೊಡ್ಡ ದೊಡ್ಡ ಮಾಲ್‌ಗಳು ಒಂದರ ಹಿಂದೊಂದು ಬಾಗಿಲು ತೆರೆದದ್ದು ಮರುವರ್ಷವೇ, 2007ರಲ್ಲಿ. ಬೀದಿಯ ಅಂಗಡಿಗೆ ಬೀಗ ಬಿದ್ದ ಕಾಲದಲ್ಲೇ ಮಾಲ್‌ನ ರಿಬ್ಬನ್ ಕತ್ತರಿಸಿದರು. ಇದನ್ನು ಮಾರುಕಟ್ಟೆಯ ಸಹಜ ಗತಿ ಎನ್ನುವ ಅರ್ಥಶಾಸ್ತ್ರಜ್ಞರ ಪಾಂಡಿತ್ಯಕ್ಕೆ ನನ್ನ ಧಿಕ್ಕಾರವಿದೆ.

ಮಾಲ್ ಬಂದಲ್ಲೆಲ್ಲ ಬಡವರ ಜಾಗ ಕಿರಿದಾಯಿತು. ಚಾಣಕ್ಯಪುರಿಯ ಚಾಣಕ್ಯ ಚಿತ್ರಮಂದಿರ ಹಾಸ್ಟೆಲಿನ ಹುಡುಗರೂ ಜೇಬು ತಡವಿಕೊಳ್ಳದೆ ಟಿಕೆಟ್ ಕೊಳ್ಳಬಹುದಾದ ಜಾಗವಾಗಿತ್ತು. 2007ರ ಡಿಸೆಂಬರಿನಲ್ಲಿ ಮುಚ್ಚಿದರು, ಕೆಡವಿದರು. ಅದೇ ಹೆಸರಿಟ್ಟು ಈಗ ಅಲ್ಲಿ ಶ್ರೀಮಂತರ ಮಾಲ್ ನಿಂತಿದೆ.

ಒಂದು ಮಾತನ್ನು ನಾನು ಪ್ರಾಮಾಣಿಕವಾಗಿ ಒಪ್ಪುತ್ತೇನೆ, ಹೆಂಗಸಾಗಿ ಒಪ್ಪುತ್ತೇನೆ. ಮಾಲ್‌ಗಳು ಹೆಣ್ಣುಮಕ್ಕಳಿಗೆ ಒಂದಿಷ್ಟು ಉಸಿರಾಡಲು ಬಿಟ್ಟವು. ದಿಲ್ಲಿಯ ಬೀದಿಯಲ್ಲಿ ಸಂಜೆಯಾದ ಮೇಲೆ ಹೆಣ್ಣು ಸುಮ್ಮನೆ ನಿಂತರೆ ನೂರು ಕಣ್ಣು ಚುಚ್ಚುತ್ತವೆ. ಮಾಲ್‌ನಲ್ಲಿ ಗಾಜಿಯಾಬಾದಿನ ಹುಡುಗಿಯೊಬ್ಬಳು ಗೆಳತಿಯ ಕೈ ಹಿಡಿದು ಎರಡು ತಾಸು ಏನೂ ಕೊಳ್ಳದೆ ತಿರುಗಬಹುದಿತ್ತು. ಬೇರೆ ಬೇರೆ ಜಾತಿಯ ಹುಡುಗ ಹುಡುಗಿ ಫುಡ್ ಕೋರ್ಟಿನ ಮೂಲೆಯಲ್ಲಿ ಒಂದೇ ಕೋಕ್ ಇಟ್ಟುಕೊಂಡು ಕೂರಬಹುದಿತ್ತು. ಹರಿಯಾಣದ ಖಾಪ್ ಎಂಬ ಜಾತಿ ಪಂಚಾಯಿತಿಗಳು ಪ್ರೀತಿಸಿದವರನ್ನು ಕೊಲ್ಲಿಸುತ್ತಿದ್ದ ಕಾಲದಲ್ಲಿ ಅದು ಸಣ್ಣ ಸಂಗತಿಯಲ್ಲ. ಶೌಚಾಲಯವಿತ್ತು, ಚೊಕ್ಕಟವಾಗಿತ್ತು. ಮೇ ತಿಂಗಳ ಬಿಸಿಗಾಳಿಯಲ್ಲಿ ತಂಪಿತ್ತು.

ಆದರೆ ಇದೆಲ್ಲ ಕೊಡಬೇಕಾದವರು ಯಾರು? ಬೆಳಕಿರುವ ಬೀದಿ, ಕೂರಲು ಬೆಂಚು, ಹೆಂಗಸರಿಗೆ ಶೌಚಾಲಯ, ಬೇಸಿಗೆಯಲ್ಲಿ ನೆರಳು, ಪ್ರೀತಿಸುವ ಮಕ್ಕಳ ತಲೆಗೆ ರಕ್ಷಣೆ. ಇವು ಊರು ತನ್ನ ಜನಕ್ಕೆ ಕೊಡಬೇಕಾದ ಹಕ್ಕುಗಳು. ನಗರಪಾಲಿಕೆ ಕೈಕಟ್ಟಿ ಕೂತಿತು. ಅದು ಕೊಡದ್ದನ್ನೇ ಮಾಲ್‌ನವರು ಗಾಜಿನ ಬಾಗಿಲ ಹಿಂದಿಟ್ಟು, ಬ್ಯಾಗ್ ತಪಾಸಿಸಿ, ಮುಖ ನೋಡಿ ಹಂಚಿದರು. ನಿಮ್ಮ ಹಳೆಯ ನೆನಪಿನಲ್ಲಿ ನಿಜವಾಗಿ ನೋಯುತ್ತಿರುವ ಜಾಗ ಇದು. ನೀವು ಕಳಕೊಂಡದ್ದು ಎಂದೋ ನಿಮಗೆ ಬರಬೇಕಾಗಿದ್ದ ಸಾರ್ವಜನಿಕ ಬದುಕನ್ನು. ಅದನ್ನು ಕೇಳಿ ಪಡೆಯುವ ಬದಲು ಎಸ್ಕಲೇಟರಿಗೆ ಅಳುತ್ತಿದ್ದೀರಿ.

ಆ ಗಾಜಿನ ಹಿಂದೆ ದುಡಿದವಳ ಮಾತು ಕೇಳಿ. ನಮ್ಮ ಬಿಲ್ಡಿಂಗಿನ ಹೆಂಗಸರ ಸೀರೆಗೆ ಫಾಲ್ ಹೊಲಿಯಲು ಬರುವ ಹುಡುಗಿ ಖೋಡಾ ಕಾಲೊನಿಯವಳು. ಐದು ವರ್ಷ ನೊಯಿಡಾದ ಮಾಲೊಂದರ ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಹುಡುಗಿಯಾಗಿದ್ದಳು. “ದೀದಿ, ಹನ್ನೊಂದು ಗಂಟೆಗೆ ನಿಂತರೆ ರಾತ್ರಿ ಒಂಬತ್ತೂವರೆಗೆ ಕೂರೋದು. ಗಿರಾಕಿ ಇಲ್ಲದಿದ್ದರೂ ನಿಂತಿರಬೇಕು. ಸ್ಟಾಕ್ ರೂಮಿನಲ್ಲಿ ಒಂದು ಪೆಟ್ಟಿಗೆ ಇತ್ತು, ಅದರ ಮೇಲೆ ಎರಡು ನಿಮಿಷ ಕೂರ್ತಿದ್ವಿ. ಆಮೇಲೆ ಅಲ್ಲೂ ಕ್ಯಾಮೆರಾ ಹಾಕಿದರು” ಎಂದಳು. ಸೀರೆಯ ಅಂಚು ಮಡಿಸುತ್ತ ಕಾಲು ಚಾಚಿ ತೋರಿಸಿದಳು. ಮೊಣಕಾಲಿನಿಂದ ಕೆಳಗೆ ನೀಲಿ ನರಗಳು ಹಗ್ಗದಂತೆ ಉಬ್ಬಿದ್ದವು. ಅವಳಿಗೆ ಇನ್ನೂ ಮೂವತ್ತು ತುಂಬಿಲ್ಲ. ಕೆಲಸದ ಜಾಗದಲ್ಲಿ ಕೂರುವ ಹಕ್ಕಿಗಾಗಿ ಕೇರಳದ ಅಂಗಡಿ ಹೆಂಗಸರು ವರ್ಷಗಟ್ಟಲೆ ಹೋರಾಡಿ 2018ರಲ್ಲಿ ಕಾನೂನು ತಿದ್ದಿಸಿದರು. ತಮಿಳುನಾಡು 2021ರಲ್ಲಿ ಮಾಡಿತು. ಒಂದು ಕುರ್ಚಿಗೆ ಕಾನೂನು ಬೇಕಾಯಿತು ಈ ದೇಶದಲ್ಲಿ! ಉಳಿದ ಕಡೆ ಕಾಗದದಲ್ಲಿ ಏನೇ ಬರೆದಿರಲಿ, ಇವತ್ತು ಸಂಜೆ ಯಾವುದಾದರೂ ಮಾಲ್‌ಗೆ ಹೋಗಿ ಕೌಂಟರಿನ ಹಿಂದೆ ಕುರ್ಚಿ ಹುಡುಕಿ ನೋಡಿ.

ಮಾಲ್‌ಗಳು ಸಾಯುತ್ತಿವೆ ಎನ್ನುವುದೂ ಅರ್ಧ ಸತ್ಯ. ಸಾಕೇತ್‌ನ ಸೆಲೆಕ್ಟ್ ಸಿಟಿವಾಕ್ ತುಂಬಿ ತುಳುಕುತ್ತಿದೆ. ನೊಯಿಡಾದಲ್ಲಿ 2016ರಲ್ಲಿ ಡಿಎಲ್‌ಎಫ್ ಮಾಲ್ ಆಫ್ ಇಂಡಿಯಾ ತೆರೆಯಿತು, ಅದರಿಂದ ಕೂಗಳತೆ ದೂರದಲ್ಲಿರುವ ಗ್ರೇಟ್ ಇಂಡಿಯಾ ಪ್ಲೇಸ್ ಸೊರಗಿತು. 2023ರಲ್ಲಿ ಅದು ಮಾರಾಟಕ್ಕಿದೆ ಎಂಬ ಸುದ್ದಿ ಬಂತು. ಅದನ್ನು ಕಟ್ಟಿಸಿದವರಲ್ಲಿ ಒಂದಾದ ಯೂನಿಟೆಕ್ ಕಂಪನಿ ಮನೆ ಕೊಡುತ್ತೇನೆಂದು ಸಾವಿರಾರು ಕುಟುಂಬಗಳಿಂದ ದುಡ್ಡು ಪಡೆದು ಕೊಡಲಿಲ್ಲ. ಮಾಲೀಕರು 2017ರಲ್ಲಿ ಜೈಲು ಸೇರಿದರು, 2020ರಲ್ಲಿ ಕಂಪನಿಯ ಆಡಳಿತ ಮಂಡಳಿಯನ್ನೇ ಕೇಂದ್ರ ಸರ್ಕಾರ ವಹಿಸಿಕೊಳ್ಳಬೇಕಾಯಿತು. ದೊಡ್ಡ ಬಂಡವಾಳದ ಮಾಲ್ ಉಳಿಯುತ್ತದೆ. ಸಣ್ಣ ಸಂಬಳದವನು ಹೋಗಬಹುದಾಗಿದ್ದ ಮಾಲ್ ಮುಚ್ಚುತ್ತದೆ.

ಸಣ್ಣ ಮಾಲ್‌ಗಳು ಮುಚ್ಚಿದ್ದಕ್ಕೆ ಆನ್‌ಲೈನ್ ವ್ಯಾಪಾರವೊಂದೇ ಕಾರಣ ಎಂದು ಬಿಲ್ಡರ್‌ಗಳು ಹೇಳಿಕೊಂಡು ತಿರುಗುತ್ತಾರೆ. ನಂಬಬೇಡಿ. ಗುರ್‌ಗಾಂವ್, ನೊಯಿಡಾ, ಗಾಜಿಯಾಬಾದಿನ ಎಷ್ಟೋ ಮಾಲ್‌ಗಳನ್ನು ನಡೆಸಲೆಂದು ಕಟ್ಟಲೇ ಇಲ್ಲ, ಮಾರಲೆಂದು ಕಟ್ಟಿದರು. ಒಂದೊಂದು ಅಂಗಡಿಯನ್ನು ಒಬ್ಬೊಬ್ಬರಿಗೆ ಮಾರಿದರು. ತಿಂಗಳಿಗಿಷ್ಟು ಖಾತರಿ ಆದಾಯ ಎಂದು ಆಸೆ ತೋರಿಸಿದರು. ಮುನ್ನೂರು ಅಂಗಡಿಗೆ ಮುನ್ನೂರು ಮಾಲೀಕರಾದರೆ ಯಾವ ಮಹಡಿಯಲ್ಲಿ ಏನಿರಬೇಕು ಎಂದು ಯಾರು ನಿರ್ಧರಿಸಬೇಕು? ಕರೆಂಟ್ ಬಿಲ್ ಯಾರು ಕಟ್ಟಬೇಕು? ಹಣ ಎಣಿಸಿಕೊಂಡವನು ಮುಂದಿನ ಸೈಟಿಗೆ ಹೋದ.

ಕನ್ನಡದ ಕಾರ್ಯಕ್ರಮಗಳಲ್ಲಿ ಆಗಾಗ ಸಿಗುವ ಹಿರಿಯರೊಬ್ಬರಿದ್ದಾರೆ. ಉಡುಪಿ ಕಡೆಯವರು, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಗ್ರಾಚ್ಯುಟಿ ಹಣವನ್ನೆಲ್ಲ ಇಂಥ ಒಂದು ಮಾಲ್‌ನ ಮೂರನೇ ಮಹಡಿಯ ಗೂಡಿನಂಥ ಅಂಗಡಿಗೆ ಹಾಕಿದರು. ಮೊದಲು ಒಂದಷ್ಟು ತಿಂಗಳು ಚೆಕ್ ಬಂತು, ಆಮೇಲೆ ನಿಂತಿತು. ಅವರ ಜೊತೆ ನಾನೂ ಆ ಮಾಲ್‌ಗೆ ಹೋದೆ. ಎಸ್ಕಲೇಟರ್ ನಿಂತು ಎಷ್ಟೋ ಕಾಲವಾಗಿದೆ, ಅದನ್ನೇ ಮೆಟ್ಟಿಲು ಮಾಡಿಕೊಂಡು ಕಂಬಿ ಹಿಡಿದು ಹತ್ತಬೇಕು. ಎರಡನೇ ಮಹಡಿಯಲ್ಲಿ ಒಂದು ಕೋಚಿಂಗ್ ಕ್ಲಾಸು, ಒಂದು ಜಿಮ್. ಮೂರನೇ ಮಹಡಿಯಲ್ಲಿ ಸಾಲಾಗಿ ಇಳಿದ ಶಟರ್‌ಗಳು, ಶಟರಿನ ಮೇಲೆ ‘ಬಾಡಿಗೆಗಿದೆ’ ಎಂಬ ಬರಹ, ಮಾಸಿದ ಫೋನ್ ನಂಬರು. ತಮ್ಮ ಅಂಗಡಿಯ ಮುಂದೆ ನಿಂತು ಮೊಬೈಲ್ ಟಾರ್ಚ್ ಹಾಕಿ ನಂಬರು ಹುಡುಕಿದರು. “ನೋಡಿ ಮಾರಾಯ್ರೆ, ನಂದು ಅಂತ ಕಾಗದ ಉಂಟು. ಒಳಗೆ ಹೋಗ್ಲಿಕ್ಕೆ ಲೈಟಿಲ್ಲ. ಮೇಂಟೆನೆನ್ಸ್ ಬಿಲ್ ಮಾತ್ರ ತಪ್ಪದೆ ಬರ್ತದೆ” ಎಂದರು. ಮೂವತ್ತೈದು ವರ್ಷ ಫೈಲು ಹೊತ್ತ ದುಡಿಮೆ ಆ ಶಟರಿನ ಹಿಂದೆ ಕತ್ತಲಲ್ಲಿ ಕೂತಿದೆ. ದೋಚಿದವನ ಹೆಸರು ಇನ್ನೊಂದು ಹೋರ್ಡಿಂಗಿನ ಮೇಲೆ ನಗುತ್ತಿದೆ.

ನೈಟ್ ಫ್ರಾಂಕ್ ಎಂಬ ರಿಯಲ್ ಎಸ್ಟೇಟ್ ಸಂಸ್ಥೆ 2024ರಲ್ಲಿ ಒಂದು ವರದಿ ತಂದಿತು. ಶೇಕಡಾ 40ಕ್ಕಿಂತ ಹೆಚ್ಚು ಜಾಗ ಖಾಲಿ ಬಿದ್ದವನ್ನು ಅದು ದೆವ್ವದ ಮಾಲ್ ಎನ್ನುತ್ತದೆ. 2023ರಲ್ಲಿ ದೇಶದ ಎಂಟು ಮಹಾನಗರಗಳಲ್ಲಿ ಅಂಥವು 64, ಅವುಗಳ ಜಾಗ 1 ಕೋಟಿ 33 ಲಕ್ಷ ಚದರಡಿ. ಎಲ್ಲಕ್ಕಿಂತ ಹೆಚ್ಚು ಇರುವುದು ನಮ್ಮ ದಿಲ್ಲಿ ಸುತ್ತಮುತ್ತ, 53 ಲಕ್ಷ ಚದರಡಿ. ನಷ್ಟ 6,700 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿದ್ದಾರೆ. ಚದರಡಿ ಎಣಿಸಿದರು, ಕೋಟಿ ಎಣಿಸಿದರು. ಕೆಲಸ ಹೋದ ಕಾವಲುಗಾರರನ್ನು, ಕಸ ಗುಡಿಸುವವರನ್ನು, ಖೋಡಾದ ಆ ಹುಡುಗಿಯಂಥವರನ್ನು ಎಣಿಸುವ ವರದಿ ಎಲ್ಲಿದೆ?

53 ಲಕ್ಷ ಚದರಡಿಯ ದೆವ್ವದ ಮಾಲ್‌ಗಳಿರುವ ಊರಿನಲ್ಲಿ ಜನವರಿಯ ಚಳಿಗೆ ಜನ ಫ್ಲೈಓವರಿನ ಕೆಳಗೆ ಮಲಗುತ್ತಾರೆ. 2020ರ ಮಾರ್ಚ್ 28ರ ದಿನ ನೆನಪಿದೆಯೇ? ಲಾಕ್‌ಡೌನ್ ಹೇರಿ ಮೂರೇ ದಿನ ಕಳೆದಿತ್ತು. ಆನಂದ ವಿಹಾರ್ ಬಸ್ ನಿಲ್ದಾಣದಲ್ಲಿ ಊರಿಗೆ ಹೊರಟ ಕೂಲಿಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಮೂಟೆ ಹೊತ್ತು, ಮಕ್ಕಳನ್ನು ಹೆಗಲಿಗೇರಿಸಿಕೊಂಡು ನಿಂತಿದ್ದರು. ನೀರಿಗೆ ಪರದಾಟ, ಹೆಂಗಸರಿಗೆ ಮರೆಯಿಲ್ಲ. ಪಕ್ಕದ ಕೌಶಾಂಬಿಯಲ್ಲಿ ಮಾಲ್‌ಗಳಿದ್ದವು. ಮಹಡಿ ಮಹಡಿಗೆ ಶೌಚಾಲಯ, ನೆಲಮಾಳಿಗೆಯಲ್ಲಿ ಎಕರೆಗಟ್ಟಲೆ ಖಾಲಿ ಪಾರ್ಕಿಂಗ್. ಬೀಗ ಹಾಕಿಸಿದ್ದು ಸರ್ಕಾರದ ಆದೇಶ. ಅದೇ ಆದೇಶದ ಒಂದು ಸಾಲು ಆ ಬೀಗ ತೆಗೆಸಬಹುದಿತ್ತು. ಆ ಗುಂಪಿನಲ್ಲಿ ಈ ಮಾಲ್‌ಗಳಿಗೆ ಇಟ್ಟಿಗೆ ಹೊತ್ತವರೂ ಇದ್ದರು.

ಹಾಗಾಗಿ ಮಾಲ್ ನೆನೆದು ಅಳುವ ಗೆಳೆಯ ಗೆಳತಿಯರೇ, ಅಳುವುದು ಸಾಕು, ಕೇಳಲು ಕಲಿಯಿರಿ. ಸರ್ಕಾರಿ ನೆಲವನ್ನು ಗುತ್ತಿಗೆಗೆ ಪಡೆದು, ಹರಾಜಿನಲ್ಲಿ ಪಡೆದು ಕಟ್ಟಿದ ಮಾಲ್‌ಗಳು ಯಾವುವು, ಗುತ್ತಿಗೆಯ ಷರತ್ತೇನು, ಬಾಕಿ ಎಷ್ಟು ಎಂದು ಡಿಡಿಎಯನ್ನು, ನೊಯಿಡಾ ಪ್ರಾಧಿಕಾರವನ್ನು ಮಾಹಿತಿ ಹಕ್ಕಿನಡಿ ಕೇಳಿ. ಷರತ್ತು ಮುರಿದವನ ಜಾಗವನ್ನು ವಾಪಸ್ ಪಡೆಯಿರಿ ಎಂದು ಒತ್ತಾಯಿಸಿ. ಹಾಗೆ ಬಂದ ಜಾಗದಲ್ಲಿ ಗ್ರಂಥಾಲಯವಾಗಲಿ, ದುಡಿಯುವ ಹೆಂಗಸರ ಹಾಸ್ಟೆಲಾಗಲಿ, ಚಳಿಗಾಲದ ರಾತ್ರಿ ತಂಗುದಾಣವಾಗಲಿ. ಬೀದಿ ವ್ಯಾಪಾರಿಗಳನ್ನು ರಕ್ಷಿಸುವ ಕಾನೂನು 2014ರಲ್ಲೇ ಬಂದಿದೆ. ಆದರೂ ಪಾಲಿಕೆಯ ಲಾರಿ ಬಂದು ಫುಟ್‌ಪಾತಿನವರ ತಳ್ಳುಗಾಡಿ ಎತ್ತಿಕೊಂಡು ಹೋಗುತ್ತದೆ. ಪ್ರತಿ ಬಡಾವಣೆಯಲ್ಲಿ ಸೋಮವಾರ, ಮಂಗಳವಾರ ಕೂರುವ ಸಂತೆಗಳನ್ನು ಟ್ರಾಫಿಕ್ಕಿನ ನೆಪದಲ್ಲಿ ಎಬ್ಬಿಸುತ್ತಾರೆ. ಸತ್ತ ಮಾಲ್‌ನ ಪಾರ್ಕಿಂಗ್ ಬಯಲನ್ನು ಅವರಿಗೆ ಬಿಟ್ಟುಕೊಡಲಿ. ಖಾತರಿ ಆದಾಯದ ಹೆಸರಲ್ಲಿ ದೋಚಿದವರ ಹೊಸ ಯೋಜನೆಗಳಿಗೆ, ಹಳೆಯ ಬಾಕಿ ತೀರಿಸುವವರೆಗೆ, ಪರವಾನಗಿ ಕೊಡಬಾರದು. ಉಳಿದಿರುವ ಮಾಲ್‌ಗಳ ಪ್ರತಿ ಕೌಂಟರಿನ ಹಿಂದೆ ಕುರ್ಚಿ ಬರಬೇಕು. ನೀವು ಬಟ್ಟೆ ಕೊಳ್ಳಲು ಹೋದಾಗ, ಬಿಲ್ ಕಟ್ಟುವ ಮೊದಲು, ಈ ಹುಡುಗಿ ಯಾಕೆ ನಿಂತಿದ್ದಾಳೆ ಎಂದು ಮ್ಯಾನೇಜರನನ್ನು ಕೇಳಿ, ಎಲ್ಲರಿಗೂ ಕೇಳಿಸುವಂತೆ ಗಟ್ಟಿಯಾಗಿ ಕೇಳಿ.